ಎರಡು ವಿದ್ಯಾಲಯಗಳ ನಡುವೆ ಒಂದು ಮನೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಮಾರ್ಚ್ ತಿಂಗಳ ಕೊನೆಯೆಂದರೆ ತಂದೆತಾಯಿಗಳಿಗೂ ಪರೀಕ್ಷೆಯ ಕಾಲ. ಶಾಲಾ ವಿದ್ಯಾಭ್ಯಾಸದ ಕೊನೆಯ ವರ್ಷದಲ್ಲಿರುವ ಮಕ್ಕಳಿಗೆ ವಿಶ್ವವಿದ್ಯಾಲಯಗಳ ಪ್ರವೇಶದ ತೀರ್ಮಾನ ತಿಳಿದುಬರುವುದು ಸಾಮಾನ್ಯವಾಗಿ ಆಗಲೇ. ಮೇ 1ರೊಳಗೆ ಒಂದನ್ನು ಒಪ್ಪಿಕೊಂಡು ಉಳಿದವನ್ನು ಬಿಡಬೇಕು. ವಾಣಿಜ್ಯ ವಿದ್ಯೆಯನ್ನು ಬಯಸಿದ ಮಗನಿಗೋ ಮಗಳಿಗೋ ಎರಡು ಹೆಸರಾಂತ ಕಡೆಗಳಿಂದ ಕರೆ ಬಂದಿತೆಂದರೆ, ಸಂತೋಷದ ಬೆನ್ನಿಗೇ ಚಿಂತೆಯೂ ಮನೆಯನ್ನು ಹೊಗುತ್ತದೆ. ಧಾರವಾಡದಲ್ಲಿಯೋ ದಾವಣಗೆರೆಯಲ್ಲಿಯೋ ಇರುವ ಹಿರಿಯರೂ ದೂರವಾಣಿಯಲ್ಲಿ ಕೇಳುತ್ತಾರೆ: "ಎರಡರಲ್ಲಿ ಯಾವುದು ದೊಡ್ಡದಪ್ಪಾ?"

ಆ ಪ್ರಶ್ನೆಗೆ ಪತ್ರಿಕೆಗಳ ಶ್ರೇಣಿಪಟ್ಟಿಗಳು ವರ್ಷಕ್ಕೊಂದು ಉತ್ತರವನ್ನು ಕೊಡುತ್ತವೆ. ಆದರೆ ಯಾವುದು ಈ ಮಗುವಿಗೆ, ಈ ಮನೆಗೆ ಹೊಂದುತ್ತದೆ ಎಂಬ ಪ್ರಶ್ನೆಗೆ ಯಾವ ಪಟ್ಟಿಯಲ್ಲಿಯೂ ಉತ್ತರವಿಲ್ಲ. ಎರಡು ವಿದ್ಯಾಲಯಗಳು ಅವೇ ಆಗಿದ್ದರೂ ಮನೆ ಬದಲಾದರೆ ಉತ್ತರವೂ ಬದಲಾಗುತ್ತದೆ. ಇದನ್ನು ಮನದಟ್ಟು ಮಾಡಿಕೊಡಲು ಆ ದೇಶದ ಎರಡು ಪುರಾತನ ವಾಣಿಜ್ಯ ವಿದ್ಯಾಲಯಗಳನ್ನು ವಾಚಕರ ಮುಂದಿಡುತ್ತೇವೆ.

ಒಂದು, ಫಿಲಡೆಲ್ಫಿಯಾ ನಗರದಲ್ಲಿರುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಶಾಲೆ. ಜೋಸೆಫ್ ವಾರ್ಟನ್ ಎಂಬ ಉದ್ಯಮಿಯ 1 ಲಕ್ಷ ಡಾಲರುಗಳ ದಾನದಿಂದ 1881ರಲ್ಲಿ ಹುಟ್ಟಿದ ಇದು, ಆ ದೇಶದಲ್ಲಿ ವಿಶ್ವವಿದ್ಯಾಲಯದ ಅಂಗವಾಗಿ ನೆಲೆಗೊಂಡ ಮೊದಲ ವಾಣಿಜ್ಯ ಶಾಲೆ. ಅಂಗಡಿಯಲ್ಲಿ ಕುಳಿತು ಕಲಿಯುವುದೇ ವ್ಯಾಪಾರವೆಂದು ಲೋಕವು ತಿಳಿದಿದ್ದ ಕಾಲದಲ್ಲಿ, ವ್ಯಾಪಾರಕ್ಕೂ ಶಾಸ್ತ್ರದ ತಳಹದಿ ಬೇಕೆಂದು ಕಂಡುಕೊಂಡ ದೂರದೃಷ್ಟಿ ಆತನದು. ಇದು ಖಾಸಗಿ ವಿಶ್ವವಿದ್ಯಾಲಯ.

ಇನ್ನೊಂದು, ಬರ್ಕಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹಾಸ್ ಶಾಲೆ. 1898ರಲ್ಲಿ ಕೋರಾ ಜೇನ್ ಫ್ಲಡ್ ಎಂಬ ಮಹಿಳೆಯ ದಾನದಿಂದ ವಾಣಿಜ್ಯ ಕಾಲೇಜಾಗಿ ಆರಂಭವಾದ ಇದು, ಅಲ್ಲಿನ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ತಲೆಯೆತ್ತಿದ ಮೊದಲ ವಾಣಿಜ್ಯ ಶಾಲೆ. ಹಾಸ್ ಎಂಬ ಹೆಸರು ಬಂದುದು 1989ರಲ್ಲಿ.

ಇವೆರಡರ ವ್ಯತ್ಯಾಸವನ್ನು ಮೊದಲು ಪಾಠಕ್ರಮದಲ್ಲಿ ನೋಡಬೇಕು. ವಾರ್ಟನ್ನಿನಲ್ಲಿ ವಿದ್ಯಾರ್ಥಿಯು ಮೊದಲ ವರ್ಷದಿಂದಲೇ ಆ ಶಾಲೆಗೆ ಸೇರಿದವನು. ಪಡೆಯುವ ಪದವಿ ಅರ್ಥಶಾಸ್ತ್ರದ ಬಿ.ಎಸ್. ಹಣಕಾಸು, ಸಂಖ್ಯಾಶಾಸ್ತ್ರ, ಲೆಕ್ಕಶಾಸ್ತ್ರ, ಮಾರಾಟವೇ ಮೊದಲಾದ ವಿಭಾಗಗಳಲ್ಲಿ ಒಂದನ್ನಾದರೂ ಆರಿಸಿಕೊಂಡು ಅದರಲ್ಲಿ ವಿಶೇಷ ಪರಿಶ್ರಮ ಪಡೆಯಬೇಕು. ಹಾಸ್‌ನಲ್ಲಿ ಅಂತಹ ವಿಭಾಗಗಳಿಲ್ಲ. ವ್ಯವಹಾರಾಡಳಿತದ ಸಮಗ್ರ ಪದವಿಯೊಂದೇ. ತನಗೆ ಹಣಕಾಸಿನ ವಿದ್ಯೆಯೇ ಬೇಕೆಂದು ಈಗಾಗಲೇ ನಿಶ್ಚಯಿಸಿಕೊಂಡ ಮಗಳಿಗೆ ಮೊದಲನೆಯದು ಒಗ್ಗೀತು. ವಾಣಿಜ್ಯದಲ್ಲಿ ಆಸಕ್ತಿಯುಂಟು, ಯಾವ ಶಾಖೆಯೆಂದು ತಿಳಿಯದು ಎನ್ನುವವನಿಗೆ ಎರಡನೆಯದು ಹಿತವಾದೀತು.

ಹಾಸ್‌ನ ಪ್ರವೇಶದ ವಿಷಯದಲ್ಲಿ ಹಳೆಯ ಮಾತನ್ನೇ ನಂಬಿ ಕುಳಿತವರು ಇನ್ನೂ ಇದ್ದಾರೆ. ಹಿಂದೆ ಬರ್ಕಲಿಗೆ ಸೇರಿದವರು ಎರಡು ವರ್ಷ ಬೇರೆ ಪಾಠಗಳನ್ನು ಓದಿ, ಅನಂತರ ಹಾಸ್‌ಗೆ ಮತ್ತೆ ಅರ್ಜಿ ಹಾಕಬೇಕಾಗಿತ್ತು. ಆಯ್ಕೆಯಾಗದವರು ಅರ್ಥಶಾಸ್ತ್ರಕ್ಕೋ ಮತ್ತೊಂದಕ್ಕೋ ತಿರುಗಬೇಕಾಗಿತ್ತು. 2022ರಲ್ಲಿ ಸ್ಪೀಕರ್ ದಂಪತಿಗಳು 3 ಕೋಟಿ ಡಾಲರುಗಳನ್ನು ದಾನವಿತ್ತ ಮೇಲೆ ನಾಲ್ಕು ವರ್ಷಗಳ ಕ್ರಮವು ರೂಪುಗೊಂಡು, 2024ರಲ್ಲಿ ಮೊದಲ ವರ್ಷಕ್ಕೇ ನೇರ ಪ್ರವೇಶ ಆರಂಭವಾಯಿತು. ಆದುದರಿಂದ ಕೈಯಲ್ಲಿರುವ ಕರೆಯೋಲೆ ಹಾಸ್‌ನದೇ, ಅಥವಾ ಬರ್ಕಲಿಯ ಬೇರೆ ಕಾಲೇಜಿನದೇ ಎಂಬುದನ್ನು ಎರಡು ಬಾರಿ ಓದಿ ತಿಳಿಯಬೇಕು.

ಇನ್ನು ಮನೆಯ ಲೆಕ್ಕಕ್ಕೆ ಬರೋಣ. 2025-26ರ ಸಾಲಿನಲ್ಲಿ ಪೆನ್ಸಿಲ್ವೇನಿಯಾದಲ್ಲಿ ಶುಲ್ಕ, ಊಟ, ವಸತಿ ಸೇರಿ ವರ್ಷಕ್ಕೆ 90 ಸಾವಿರ ಡಾಲರುಗಳನ್ನೂ ಮೀರಿದ ವೆಚ್ಚವಿದೆ. ಬರ್ಕಲಿಯಲ್ಲಿ ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಸುಮಾರು 50 ಸಾವಿರ. ಆ ರಾಜ್ಯದವರಲ್ಲದವರು ಇದರ ಮೇಲೆ 37,602 ಡಾಲರುಗಳನ್ನು ಹೆಚ್ಚಾಗಿ ತೆರಬೇಕು. ಈ ಅಂಕಿಗಳನ್ನು ಹಿಡಿದು ಮೂರು ಮನೆಗಳನ್ನು ಊಹಿಸೋಣ.

ಮೊದಲನೆಯ ಮನೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದೆ. ತಂದೆತಾಯಿಗಳಿಬ್ಬರೂ ದುಡಿಯುವವರು; ಆದಾಯ ಹೆಚ್ಚಿರುವುದರಿಂದ ಸಹಾಯಧನ ಸಿಗದು. ಇವರಿಗೆ ವರ್ಷಕ್ಕೆ 40 ಸಾವಿರದಷ್ಟು, ನಾಲ್ಕು ವರ್ಷಗಳಿಗೆ 1 ಲಕ್ಷ 60 ಸಾವಿರ ಡಾಲರುಗಳಷ್ಟು ಅಂತರ. ಪೆನ್ಸಿಲ್ವೇನಿಯಾ ಸೇರಿದ ಐವಿ ಕೂಟದಲ್ಲಿ ಅಂಕಗಳ ಪ್ರತಿಭೆಗೆಂದು ವಿದ್ಯಾರ್ಥಿವೇತನ ಕೊಡುವ ಪದ್ಧತಿಯಿಲ್ಲ; ಅಗತ್ಯವಿದ್ದವರಿಗೆ ಮಾತ್ರ ಸಹಾಯ. ಅಲ್ಲದೆ ಬರ್ಕಲಿಯಲ್ಲಿ 2022ರಿಂದೀಚೆಗೆ ಸೇರಿದವರ ಬೋಧನಾ ಶುಲ್ಕವು ಆರು ವರ್ಷಗಳವರೆಗೆ ಏರುವುದಿಲ್ಲ. ಸಾಲವಿಲ್ಲದೆ ಓದು ಮುಗಿಸಿದ ಯುವಕನು ಇಷ್ಟವಾದ ಕೆಲಸವನ್ನು ಕಡಿಮೆ ಸಂಬಳಕ್ಕಾದರೂ ಒಪ್ಪಬಲ್ಲನು. ಸಾಲದ ನೊಗ ಹೊತ್ತವನು ಸಂಬಳವನ್ನು ನೋಡಿಯೇ ಕೆಲಸವನ್ನು ಆರಿಸಬೇಕಾಗುತ್ತದೆ.

ಎರಡನೆಯ ಮನೆಯೂ ಅದೇ ಊರಿನದು. ಆದರೆ ಒಬ್ಬರ ದುಡಿಮೆಯಲ್ಲಿ ಸಂಸಾರ ಸಾಗಬೇಕು. ಇವರು ಖಾಸಗಿ ವಿಶ್ವವಿದ್ಯಾಲಯದ ಬೆಲೆ ಕಂಡೇ ಹಿಂಜರಿಯುತ್ತಾರೆ. ಹಿಂಜರಿಯುವ ಕಾರಣವಿಲ್ಲ. ವರ್ಷಕ್ಕೆ 2 ಲಕ್ಷ ಡಾಲರುಗಳವರೆಗೆ ಆದಾಯವಿದ್ದು ಸಾಧಾರಣ ಆಸ್ತಿಯುಳ್ಳ ಕುಟುಂಬದ ಮಕ್ಕಳಿಗೆ ಬೋಧನಾ ಶುಲ್ಕದಷ್ಟು ಸಹಾಯಧನದ ಭರವಸೆಯನ್ನು ಪೆನ್ಸಿಲ್ವೇನಿಯಾವು 2024ರ ನವೆಂಬರಿನಲ್ಲಿ ಘೋಷಿಸಿತು. ಅದರ ನೆರವಿನಲ್ಲಿ ಸಾಲವನ್ನು ಸೇರಿಸುವುದಿಲ್ಲ. ಹೀಗಾಗಿ ದುಬಾರಿಯೆಂದು ಕಂಡುದೇ ಅಗ್ಗವಾಗಬಹುದು. ಎರಡೂ ಕಡೆಯ ಸಹಾಯಧನದ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, ಕೊಡುಗೆಯಾಗಿ ಬಂದ ಹಣವೆಷ್ಟು, ಸಾಲವೆಷ್ಟು ಎಂದು ಬೇರ್ಪಡಿಸಿ ನೋಡುವವರೆಗೆ ತೀರ್ಮಾನ ಕೂಡದು.

ಮೂರನೆಯ ಮನೆ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿದೆ. ಇವರಿಗೆ ಬರ್ಕಲಿಯ ವೆಚ್ಚವೂ 90 ಸಾವಿರದ ಸಮೀಪಕ್ಕೇ ಬರುತ್ತದೆ. ಸಾರ್ವಜನಿಕ ವಿದ್ಯಾಲಯವೆಂಬ ಮಾತ್ರಕ್ಕೆ ಅಗ್ಗವೆಂಬುದು ಇವರ ಪಾಲಿಗೆ ಬರಿಯ ಭ್ರಮೆ. ಇಲ್ಲಿ ಪಾಠಕ್ರಮವೂ ಮಗುವಿನ ಒಲವೂ ತೀರ್ಪು ಹೇಳಬೇಕು. ತಮ್ಮ ರಾಜ್ಯದ ವಿದ್ಯಾಲಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೆಲಸದ ವೀಸಾದ ಮೇಲಿರುವ ಕುಟುಂಬಗಳಿಗೆ ಒಂದು ಎಚ್ಚರಿಕೆ. ಎಚ್-4 ವೀಸಾದ ಮಕ್ಕಳಿಗೆ ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ದೊರೆಯುವುದಿಲ್ಲ. ಆದರೆ ನಿಯಮಗಳಂತೆ ವಾಸವನ್ನು ತೋರಿಸಿದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಅವರನ್ನೂ ರಾಜ್ಯದ ನಿವಾಸಿಗಳೆಂದು ಎಣಿಸಬಲ್ಲುದು. ಇಪ್ಪತ್ತೊಂದು ವರ್ಷ ತುಂಬಿದ ಮೇಲೆ ಅವಲಂಬಿತರ ವೀಸಾ ಮುಂದುವರಿಯದೆಂಬುದನ್ನೂ ನೆನಪಿಡಬೇಕು. ಆ ವಯಸ್ಸು ಪದವಿಯ ನಡುವೆಯೇ ಬರುತ್ತದೆ.

ಮತ್ತೊಂದು ಮಾತು ಇನ್ನೂ ಅರ್ಜಿ ಹಾಕದವರಿಗೆ. ಪೆನ್ಸಿಲ್ವೇನಿಯಾಕ್ಕೆ ನವೆಂಬರಿನಲ್ಲೇ ಸಲ್ಲಿಸುವ ಮುಂಗಡ ಅರ್ಜಿಯು ವಚನ ಕೊಟ್ಟಂತೆ. ಆಯ್ಕೆಯಾದರೆ ಅಲ್ಲಿಗೇ ಸೇರಬೇಕು, ಉಳಿದ ಅರ್ಜಿಗಳನ್ನು ಹಿಂದೆಗೆಯಬೇಕು. ಎರಡನ್ನು ತೂಗಿ ನೋಡಬೇಕೆಂಬ ಮನೆಯವರು ಆ ಹಾದಿಯನ್ನು ಹಿಡಿಯಬಾರದು. ಬರ್ಕಲಿಯಲ್ಲಿ ಇಂತಹ ಕಟ್ಟುಪಾಡಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತನ್ನು ಮಕ್ಕಳಿಗೆ ಹೇಳುವೆವು. ಆದರೆ ಹಾಸಿಗೆಯ ಉದ್ದವನ್ನು ಮಾತ್ರ ಅವರಿಂದ ಮುಚ್ಚಿಡುವೆವು. ಇದು ತರವಲ್ಲ. ಹದಿನೆಂಟರ ಮಗನನ್ನು ಹತ್ತಿರ ಕೂರಿಸಿಕೊಂಡು, ಮನೆಯ ಆದಾಯವಿಷ್ಟು, ಉಳಿತಾಯವಿಷ್ಟು, ತಂಗಿಯ ಓದಿಗೆ ಎತ್ತಿಡಬೇಕಾದುದಿಷ್ಟು ಎಂದು ತಂದೆತಾಯಿಗಳು ಲೆಕ್ಕವನ್ನು ಬಿಚ್ಚಿಡಲಿ. ವಾಣಿಜ್ಯ ವಿದ್ಯೆಯನ್ನು ಕಲಿಯಹೊರಟವನಿಗೆ ಇದೇ ಮೊದಲ ಪಾಠವಾಗಲಿ. ಲೆಕ್ಕ ತಿಳಿದ ಮೇಲೆ ಆಯ್ಕೆಯನ್ನು ಅವನಿಗೇ ಬಿಡಬೇಕು. ನಾಲ್ಕು ವರ್ಷ ಆ ತರಗತಿಗಳಲ್ಲಿ ಕುಳಿತುಕೊಳ್ಳುವವನು ಅವನೇ ಹೊರತು ಬಂಧುಬಳಗವಲ್ಲ. ಮಕ್ಕಳು ತಿಳಿದು ಆರಿಸಿ, ಆರಿಸಿದುದನ್ನು ಶ್ರದ್ಧೆಯಿಂದ ಕಲಿಯಲೆಂದು ಹಾರೈಸುತ್ತೇವೆ.