ಎಸರು, ಹಿಟ್ಟು, ಹೆಂಚು: ರೊಟ್ಟಿ–ಮುದ್ದೆಯ ಮೂಲಕ ಪಿಷ್ಟದ ಪಾಠ

ಉನ್ನತ ಪ್ರಾಥಮಿಕ ತರಗತಿಗಳ ವಿಜ್ಞಾನದಲ್ಲಿ ಆಹಾರದ ಘಟಕಗಳು, ಉಷ್ಣ, ಭೌತಿಕ ಮತ್ತು ರಾಸಾಯನಿಕ ಬದಲಾವಣೆ ಎಂಬ ವಿಷಯಗಳು ಬರುತ್ತವೆ. ಬೋಧನಾಭ್ಯಾಸದ ಪಾಠ ಯೋಜನೆಗಳಲ್ಲಿ ಇವಕ್ಕೆ ಕೊಡುವ ಉದಾಹರಣೆಗಳು ಹೆಚ್ಚಾಗಿ ಬ್ರೆಡ್, ಕೇಕ್, ಇಡ್ಲಿ. ಇವು ತಪ್ಪು ಉದಾಹರಣೆಗಳಲ್ಲ. ಆದರೆ ಜಗಳೂರು ತಾಲ್ಲೂಕಿನ ಒಂದು ಶಾಲೆಯ ಮಗು ದಿನವೂ ನೋಡುವುದು ರೊಟ್ಟಿ ಬಡಿಯುವುದನ್ನು, ಮುದ್ದೆ ತಿರುವುವುದನ್ನು. ತನಗೆ ಚೆನ್ನಾಗಿ ಗೊತ್ತಿರುವ ಕೆಲಸ ಪಾಠದಲ್ಲಿ ಬಾರದೇ ಹೋದಾಗ, ಅದು ಕಲಿಕೆಗೆ ಸಂಬಂಧಿಸಿದ್ದಲ್ಲ ಎಂದು ಮಗು ತಿಳಿಯುತ್ತದೆ. ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದನ್ನು ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ. ಅದನ್ನು ಒಂದು ಅವಧಿಯ ಪಾಠದಲ್ಲಿ ಹೇಗೆ ಮಾಡುವುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಒಂದೇ ಜಿಲ್ಲೆ, ಬೇರೆ ಬೇರೆ ತಟ್ಟೆ

ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ನ್ಯಾಮತಿ ನಂತರ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಭದ್ರಾ ನಾಲೆಯ ನೀರು, ಸೂಳೆಕೆರೆಯ ನೀರು ಹರಿಯುವ ಕಡೆ ಭತ್ತ, ಅಡಿಕೆ. ಜಗಳೂರಿನಲ್ಲಿ ಮಳೆಯನ್ನೇ ನಂಬಿದ ಹೊಲಗಳು: ಜೋಳ, ರಾಗಿ, ಶೇಂಗಾ, ಮೆಕ್ಕೆಜೋಳ, ಈರುಳ್ಳಿ. ಬೆಳೆಯ ಜೊತೆಗೆ ಅಡುಗೆಯೂ ಬದಲಾಗುತ್ತದೆ. ಒಂದು ಕಡೆ ಅನ್ನ, ಅಕ್ಕಿ ರೊಟ್ಟಿ, ಕಡುಬು. ಇನ್ನೊಂದು ಕಡೆ ಜೋಳದ ರೊಟ್ಟಿ, ರಾಗಿ ಮುದ್ದೆ, ಶೇಂಗಾ ಇಲ್ಲವೆ ಗುರೆಳ್ಳು ಚಟ್ನಿಪುಡಿ. ಸಂಜೆಯ ಖಾರ ಮಂಡಕ್ಕಿ, ಮೆಣಸಿನಕಾಯಿ ಮಾತ್ರ ಎಲ್ಲ ಕಡೆಯೂ ಒಂದೇ.

ಇದನ್ನು ಗೆರೆ ಎಳೆದಂತೆ ಹೇಳಬಾರದು. ಚನ್ನಗಿರಿಯಲ್ಲೂ ನೀರಾವರಿ ಇಲ್ಲದ ಊರುಗಳಿವೆ. ಪಡಿತರದ ಅಕ್ಕಿ ಎಲ್ಲ ಮನೆಗಳಿಗೂ ಹೋಗಿದೆ. ಆದರೂ ಹೊನ್ನಾಳಿಯ ಪ್ರಶಿಕ್ಷಣಾರ್ಥಿ ಜಗಳೂರಿನ ಶಾಲೆಗೆ ಬೋಧನಾಭ್ಯಾಸಕ್ಕೆ ಹೋದಾಗ ಮೊದಲು ತಿಳಿಯಬೇಕಾದದ್ದು ಅಲ್ಲಿನ ಒಲೆಯ ಮೇಲೆ ಏನು ಬೇಯುತ್ತದೆ ಎಂಬುದನ್ನು.

ಜೋಳದ ಹಿಟ್ಟಿಗೆ ಬಿಸಿನೀರು ಏಕೆ?

ಗೋಧಿ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ನಾದಿದರೂ ಅದು ಜಗ್ಗುತ್ತದೆ, ಹರಿಯುವುದಿಲ್ಲ. ಕಾರಣ, ಗೋಧಿಯಲ್ಲಿರುವ ಗ್ಲಿಯಾಡಿನ್, ಗ್ಲುಟೆನಿನ್ ಎಂಬ ಪ್ರೋಟೀನುಗಳು ನೀರು ಸೇರಿ ನಾದಿದಾಗ ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಬಲೆಯಾಗುತ್ತವೆ. ಜೋಳದಲ್ಲಿ ಪ್ರೋಟೀನ್ ಇದೆ, ಆದರೆ ಅದು ಹೀಗೆ ಬಲೆ ಕಟ್ಟುವುದಿಲ್ಲ. ಹಾಗಾಗಿ ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಬಡಿಯುತ್ತಿದ್ದಂತೆ ಅಂಚಿನಲ್ಲಿ ಬಿರಿಯುತ್ತದೆ.

ಇಲ್ಲಿ ಪ್ರೋಟೀನ್ ಮಾಡದ ಕೆಲಸವನ್ನು ಪಿಷ್ಟ ಮಾಡುತ್ತದೆ. ಪಿಷ್ಟವು ಹಿಟ್ಟಿನಲ್ಲಿ ಅತಿ ಸಣ್ಣ ಕಣಗಳಾಗಿ ಇರುತ್ತದೆ. ತಣ್ಣೀರಿನಲ್ಲಿ ಈ ಕಣಗಳು ಹೆಚ್ಚು ಬದಲಾಗುವುದಿಲ್ಲ. ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸ್ ನಡುವೆ ನೀರನ್ನು ಹೀರಿ ಉಬ್ಬುತ್ತವೆ, ಒಳಗಿನ ಪಿಷ್ಟ ಸ್ವಲ್ಪ ಹೊರಬಂದು ಅಂಟಾಗುತ್ತದೆ. ರೊಟ್ಟಿ ಮಾಡುವವರು ಇದನ್ನೇ ಹಿಟ್ಟಿಗೆ ‘ಜಿಗಿ’ ಬಂತು ಎನ್ನುತ್ತಾರೆ. ಪಠ್ಯದ ಭಾಷೆಯಲ್ಲಿ ಇದು ಪಿಷ್ಟ ಅಂಟುಗಟ್ಟುವ ಕ್ರಿಯೆ.

‘ಎಸರು ಮಳ್ಳಬೇಕು’ ಎಂಬ ಮನೆಯ ಮಾತಿಗೂ ಇಲ್ಲೇ ಕಾರಣವಿದೆ. ಹಿಟ್ಟು ಕೋಣೆಯ ಉಷ್ಣತೆಯಲ್ಲಿರುತ್ತದೆ. ಕುದಿಯುವ ನೀರು ಅದಕ್ಕೆ ಬಿದ್ದಾಗ ಮಿಶ್ರಣದ ಉಷ್ಣತೆ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ನೀರು ಮೊದಲೇ 80 ಡಿಗ್ರಿಗೆ ಇಳಿದಿದ್ದರೆ ಮಿಶ್ರಣ 65ಕ್ಕಿಂತ ಕೆಳಗೆ ಹೋಗಬಹುದು. ಆಗ ಜಿಗಿ ಬರುವುದಿಲ್ಲ.

ಪ್ರಶಿಕ್ಷಣಾರ್ಥಿಗಳು ‘ಬಿಸಿನೀರಿನಿಂದ ಜೋಳದಲ್ಲಿ ಗ್ಲುಟೆನ್ ಉಂಟಾಗುತ್ತದೆ’ ಎಂದು ಬರೆದರೆ ಅದು ತಪ್ಪು. ಜಗ್ಗುವುದು ಬೇರೆ, ಅಂಟುವುದು ಬೇರೆ. ಗೋಧಿಯದು ಪ್ರೋಟೀನಿನ ಬಲೆ, ಜೋಳದ್ದು ಪಿಷ್ಟದ ಅಂಟು. ಅಕ್ಕಿ ಹಿಟ್ಟನ್ನು ಎಸರಿನಲ್ಲಿ ಬೇಯಿಸಿಕೊಂಡು ರೊಟ್ಟಿ ತಟ್ಟುವುದಕ್ಕೂ ಇದೇ ಕಾರಣ. ಆದ್ದರಿಂದ ಇದೇ ಪಾಠವನ್ನು ಅಕ್ಕಿ ರೊಟ್ಟಿಯನ್ನು ಹಿಡಿದು ಚನ್ನಗಿರಿಯಲ್ಲೂ ಮಾಡಬಹುದು.

ಮುದ್ದೆಯಲ್ಲಿ ಗಂಟು ಏಕೆ?

ರಾಗಿ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು ಒಮ್ಮೆಲೇ ಅರೆಬರೆ ಕಲಕಿದರೆ ಗಂಟಾಗುತ್ತದೆ. ಗಂಟನ್ನು ಒಡೆದು ನೋಡಿದರೆ ಒಳಗೆ ಒಣಹಿಟ್ಟು. ಹಿಟ್ಟಿನ ಉಂಡೆಯ ಹೊರಮೈಗೆ ಬಿಸಿನೀರು ತಾಗಿದ ತಕ್ಷಣ ಅಲ್ಲಿನ ಪಿಷ್ಟ ಅಂಟುಗಟ್ಟಿ ಪೊರೆಯಾಗುತ್ತದೆ. ಆ ಪೊರೆಯನ್ನು ದಾಟಿ ನೀರು ಒಳಗೆ ಹೋಗುವುದು ಕಷ್ಟ.

ಮನೆಗಳಲ್ಲಿ ಇದಕ್ಕೆ ಎರಡು ಉಪಾಯಗಳಿವೆ. ಒಂದು, ಸ್ವಲ್ಪ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿ ಎಸರಿಗೆ ಬಿಡುವುದು. ತಣ್ಣೀರಿನಲ್ಲಿ ಕಣಗಳು ಬಿಡಿಬಿಡಿಯಾಗಿ ಹರಡಿಕೊಂಡ ಮೇಲೆ ಬಿಸಿ ತಾಗುವುದರಿಂದ ಅವು ಉಂಡೆಗಟ್ಟುವುದಿಲ್ಲ. ಇನ್ನೊಂದು, ಹಿಟ್ಟನ್ನು ಗುಪ್ಪೆಯಾಗಿ ಹಾಕಿ, ಕಲಕದೆ, ಸುತ್ತಲೂ ಎಸರು ಕುದ್ದು ಹಿಟ್ಟು ಬೇಯಲು ಬಿಟ್ಟು, ಆಮೇಲೆ ಮುದ್ದೆ ಕೋಲಿನಿಂದ ಬಲವಾಗಿ ತಿರುವುವುದು. ಬಲವಾಗಿ ತಿರುವಿದಾಗ ಪೊರೆ ಒಡೆದು ಒಳಗಿನ ಹಿಟ್ಟಿಗೂ ನೀರು ಸಿಗುತ್ತದೆ.

ಮುದ್ದೆ ಗಟ್ಟಿಯಾಗುವುದು ನೀರು ಆವಿಯಾಗಿ ಹೋಗುವುದರಿಂದ ಎಂದು ಮಕ್ಕಳು ಹೇಳುವುದುಂಟು. ಸ್ವಲ್ಪ ನೀರು ಆವಿಯಾಗುವುದು ನಿಜ. ಮುಖ್ಯ ಕಾರಣ ಮಾತ್ರ, ಉಬ್ಬಿದ ಪಿಷ್ಟದ ಕಣಗಳು ನೀರನ್ನು ತಮ್ಮೊಳಗೆ ಹಿಡಿದುಕೊಳ್ಳುವುದು. ಮುಚ್ಚಿದ ಪಾತ್ರೆಯಲ್ಲಿ ಮಾಡಿದ ಅಂಬಲಿಯೂ ದಪ್ಪವಾಗುತ್ತದೆ ಎಂದು ತೋರಿಸಿದರೆ ಮಕ್ಕಳೇ ತಮ್ಮ ಉತ್ತರವನ್ನು ತಿದ್ದಿಕೊಳ್ಳುತ್ತಾರೆ.

ಆಹಾರದ ಘಟಕಗಳ ಪಾಠಕ್ಕೆ ಒಂದು ಹೋಲಿಕೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ‘ಬಡವರ ಊಟ’ ಎಂದು ಯಾರಾದರೂ ಮುದ್ದೆಯನ್ನು ಹೀಗಳೆದರೆ, ಉಪದೇಶಕ್ಕಿಂತ ಈ ಎರಡು ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆಯುವುದು ಮೇಲು.

ರೊಟ್ಟಿ ಉಬ್ಬುವುದು, ಮಾರನೆಯ ದಿನ ಬಿರುಸಾಗುವುದು

ಹೆಂಚಿನ ಮೇಲೆ ಹಾಕಿದ ರೊಟ್ಟಿಯ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಬಡಿಯುವಾಗ ಉದುರಿಸಿದ ಒಣಹಿಟ್ಟು ಇದರಿಂದ ನೆನೆದು ಅಂಟಿಕೊಳ್ಳುತ್ತದೆ. ಮೇಲ್ಮೈ ಬೇಗ ಒಣಗಿ ಬಿರಿಯುವುದೂ ತಪ್ಪುತ್ತದೆ. ತಿರುವಿ ಹಾಕಿದ ಮೇಲೆ ಎರಡೂ ಬದಿಯಲ್ಲಿ ತೆಳುವಾದ ಬೆಂದ ಪೊರೆ ಆಗಿರುತ್ತದೆ. ಒಳಗಿನ ತೇವ ಹಬೆಯಾಗುತ್ತದೆ. ನೀರು 100 ಡಿಗ್ರಿಯಲ್ಲಿ ಹಬೆಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹೆಚ್ಚುತ್ತದೆ. ಆ ಹಬೆ ಎರಡು ಪೊರೆಗಳನ್ನು ದೂರ ತಳ್ಳಿದಾಗ ರೊಟ್ಟಿ ಉಬ್ಬುತ್ತದೆ. ಎಲ್ಲೋ ಒಂದು ಕಡೆ ಬಿರುಕಿದ್ದರೆ ಹಬೆ ಅಲ್ಲಿಂದ ಹೊರಟುಹೋಗುತ್ತದೆ, ರೊಟ್ಟಿ ಉಬ್ಬುವುದಿಲ್ಲ. ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಬಿದ್ದ ಅಕ್ಕಿ ಅರಳುವುದರ ಹಿಂದೆಯೂ ಇದೇ ಹಬೆಯ ಒತ್ತಡವಿದೆ.

ಬೆಳಗಿನ ಮೆತ್ತನೆಯ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟರೂ ಮಾರನೆಯ ದಿನ ಬಿರುಸಾಗುತ್ತದೆ. ಒಣಗಿದ್ದಷ್ಟೇ ಇದಕ್ಕೆ ಕಾರಣವಲ್ಲ. ತಣಿದಂತೆ ಪಿಷ್ಟದ ಅಣುಸರಪಳಿಗಳು ಮತ್ತೆ ಒತ್ತಾಗಿ ಜೋಡಿಸಿಕೊಳ್ಳುತ್ತವೆ. ಬ್ರೆಡ್ ಹಳಸಿ ಗಟ್ಟಿಯಾಗುವುದು ಕೇವಲ ತೇವ ಹೋಗುವುದರಿಂದ ಅಲ್ಲ ಎಂದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬೂಸಿಂಗೋ 1852ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಅಂಥ ರೊಟ್ಟಿಯನ್ನು ಮತ್ತೆ ಬಿಸಿ ಮಾಡಿದರೆ ಸ್ವಲ್ಪ ಮೆತ್ತಗಾಗುವುದೂ ಈ ವಿವರಣೆಗೆ ಹೊಂದುತ್ತದೆ. ಖಡಕ್ ರೊಟ್ಟಿಯ ವಿಷಯ ಬೇರೆ. ಅಲ್ಲಿ ಬೇಕೆಂದೇ ತೇವವನ್ನು ತೆಗೆಯಲಾಗುತ್ತದೆ. ಎರಡನ್ನೂ ಹೋಲಿಸಲು ಮಕ್ಕಳಿಗೆ ಹೇಳಿ.

ನಲವತ್ತು ನಿಮಿಷದ ಪಾಠ

ಬೇಕಾದ ಸಾಮಗ್ರಿ: ಜೋಳದ ಹಿಟ್ಟು 2 ಲೋಟ, ಮೈದಾ 1 ಲೋಟ, ತಣ್ಣೀರು, ಫ್ಲಾಸ್ಕಿನಲ್ಲಿ ಆಗಷ್ಟೇ ಕುದಿಸಿದ ನೀರು, ಮೂರು ತಟ್ಟೆ, ಪ್ರಯೋಗಾಲಯದ ಉಷ್ಣತಾಮಾಪಕ, ಅಯೋಡಿನ್ ದ್ರಾವಣ. ಜ್ವರ ನೋಡುವ ಉಷ್ಣತಾಮಾಪಕವನ್ನು ಬಳಸಬಾರದು; ಅದರ ಅಳತೆ 42 ಡಿಗ್ರಿಯ ಆಸುಪಾಸಿಗೆ ಮುಗಿಯುತ್ತದೆ.

ಮೊದಲ 5 ನಿಮಿಷ ಪ್ರಶ್ನೆ: ಚಪಾತಿಗೆ ತಣ್ಣೀರು ಸಾಕು, ಜೋಳದ ರೊಟ್ಟಿಗೆ ಬಿಸಿನೀರು ಏಕೆ? ಉತ್ತರಗಳನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆಯಿರಿ, ಸರಿ ತಪ್ಪು ಹೇಳಬೇಡಿ.

ಮುಂದಿನ 15 ನಿಮಿಷ ಪ್ರಯೋಗ: ಒಂದು ಲೋಟ ಜೋಳದ ಹಿಟ್ಟಿಗೆ ಮುಕ್ಕಾಲು ಲೋಟ ತಣ್ಣೀರು, ಇನ್ನೊಂದಕ್ಕೆ ಅಷ್ಟೇ ಬಿಸಿನೀರು. ಮೈದಾಕ್ಕೆ ಹದಕ್ಕೆ ಬೇಕಾದಷ್ಟು ತಣ್ಣೀರು. ಬಿಸಿನೀರನ್ನು ಶಿಕ್ಷಕರೇ ಸುರಿಯಬೇಕು. ಕೈ ತಾಳುವಷ್ಟು ಆರಿದ ಮೇಲೆ ಮಕ್ಕಳು ನಾದಬೇಕು. ಹುಡುಗರೂ ನಾದಬೇಕು. ಮೂರನ್ನೂ ಒಂದೇ ಗಾತ್ರದ ಉಂಡೆ ಮಾಡಿ ತಟ್ಟಿ, ಅಂಚಿನ ಬಿರುಕುಗಳನ್ನು ಎಣಿಸಿ ಬರೆಯಲಿ. ನಂತರ ಮೈದಾ ಉಂಡೆಯನ್ನೂ ತಣ್ಣೀರಿನ ಜೋಳದ ಉಂಡೆಯನ್ನೂ ನೀರಿನಲ್ಲಿ ಹಿಸುಕಿ ತೊಳೆಯಲಿ. ಮೈದಾದಲ್ಲಿ ರಬ್ಬರಿನಂಥ ಗ್ಲುಟೆನ್ ಉಳಿಯುತ್ತದೆ, ಜೋಳದ ಉಂಡೆ ಕರಗಿದಂತೆ ಚದುರುತ್ತದೆ. ತೊಳೆದ ನೀರಿಗೆ ಅಯೋಡಿನ್ ಹನಿಸಿದರೆ ನೀಲಿ-ಕಪ್ಪು ಬಣ್ಣ ಪಿಷ್ಟವನ್ನು ತೋರಿಸುತ್ತದೆ.

10 ನಿಮಿಷ ವಿವರಣೆ, 5 ನಿಮಿಷ ಮುದ್ದೆಯ ಗಂಟಿಗೆ ಅನ್ವಯ, 5 ನಿಮಿಷ ಮೌಲ್ಯಮಾಪನ. ಹಿಟ್ಟು ಹೊಸದೋ ಹಳೆಯದೋ ಎಂಬುದರ ಮೇಲೆ ನೀರಿನ ಪ್ರಮಾಣ ವ್ಯತ್ಯಾಸವಾಗುವುದರಿಂದ ಹಿಂದಿನ ದಿನ ಅದೇ ಹಿಟ್ಟಿನಲ್ಲಿ ಒಮ್ಮೆ ಮಾಡಿ ನೋಡಿರಬೇಕು. ಪ್ರಯೋಗದ ಹಿಟ್ಟನ್ನು ಯಾರೂ ತಿನ್ನಬಾರದು.

ಇದು ಭೌತಿಕ ಬದಲಾವಣೆಯೋ ರಾಸಾಯನಿಕವೋ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಹಿಟ್ಟು ಕಲಸುವುದು, ನೀರು ಹಬೆಯಾಗುವುದು ಭೌತಿಕ. ಹೆಂಚಿನ ಮೇಲೆ ಮೂಡುವ ಕಂದು ಚುಕ್ಕೆ, ಹೊಸ ವಾಸನೆ ರಾಸಾಯನಿಕ ಬದಲಾವಣೆಯ ಗುರುತು. ಪಿಷ್ಟ ಅಂಟುಗಟ್ಟುವುದನ್ನು ಬಲವಂತವಾಗಿ ಒಂದು ಪಟ್ಟಿಗೆ ಸೇರಿಸದೆ, ‘ಹಿಂದಿನ ಸ್ಥಿತಿಗೆ ತರಲಾಗದ ಬದಲಾವಣೆ’ ಎಂದಷ್ಟೇ ಹೇಳುವುದು ಈ ಹಂತಕ್ಕೆ ಸರಿ.

ಕೇಳಬಾರದ ಪ್ರಶ್ನೆ, ಕೇಳಬೇಕಾದ ಪ್ರಶ್ನೆ

‘ಬೆಳಿಗ್ಗೆ ಏನು ತಿಂದು ಬಂದಿರಿ?’ ಎಂಬುದು ಪೀಠಿಕೆಗೆ ಸುಲಭವಾದ ಪ್ರಶ್ನೆ. ಏನೂ ತಿನ್ನದೆ ಬಂದ ಮಗುವಿಗೆ ಅದು ಸುಲಭವಲ್ಲ. ತಟ್ಟೆಯಲ್ಲಿ ಏನಿತ್ತು ಎಂಬುದು ಮನೆಯ ಬಡತನವನ್ನೂ ಜಾತಿಯನ್ನೂ ತರಗತಿಯ ಮುಂದೆ ತೆರೆದಿಡಬಹುದು. ವಸತಿನಿಲಯದ ಮಕ್ಕಳಿಗೆ ಹೇಳಲು ಮನೆಯ ಒಲೆಯೇ ಇಲ್ಲ. ಅದರ ಬದಲು ‘ಈ ಊರಿನಲ್ಲಿ ಯಾವ ಯಾವ ಹಿಟ್ಟಿನಿಂದ ರೊಟ್ಟಿ ಮಾಡುತ್ತಾರೆ?’ ಎಂದು ಕೇಳಿ. ಉತ್ತರ ಊರಿನದಾಗುತ್ತದೆ, ಯಾವ ಮಗುವಿನದೂ ಆಗುವುದಿಲ್ಲ. ಹಿಟ್ಟನ್ನು ಮಕ್ಕಳಿಂದ ತರಿಸದೆ ನೀವೇ ಒಯ್ಯಿರಿ.

ಇನ್ನೊಂದು ಒಳ್ಳೆಯ ಪ್ರಶ್ನೆ: ‘ನಮ್ಮ ಹೊಲದಲ್ಲಿ ಇರುವ, ಆದರೆ ನಮ್ಮ ತಟ್ಟೆಯಲ್ಲಿ ಕಾಣದ ಬೆಳೆ ಯಾವುದು?’ ಮೆಕ್ಕೆಜೋಳ ಬಹುಪಾಲು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಚನ್ನಗಿರಿಯ ಅಡಿಕೆ ಮಂಡಿಗೆ ಹೋಗುತ್ತದೆ. ಇಲ್ಲಿಂದ ಸಮಾಜ ವಿಜ್ಞಾನಕ್ಕೆ ದಾರಿ ತಾನಾಗಿ ತೆರೆಯುತ್ತದೆ.

ಬಿಸಿಯೂಟದ ಅಡುಗೆಯವರನ್ನು ಕರೆದು ಹತ್ತು ನಿಮಿಷ ಮಾತನಾಡಿಸಬಹುದು. ಕೆಲಸ ಮಾಡಿ ತೋರಿಸಿ ಎನ್ನುವುದಕ್ಕಿಂತ ‘ಅಮ್ಮ, ಎಸರು ಸರಿಯಾಗಿ ಕಾದಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?’ ಎಂದು ಮಕ್ಕಳು ಕೇಳುವಂತಾಗಲಿ. ಉಷ್ಣತಾಮಾಪಕವಿಲ್ಲದೆ ಗುಳ್ಳೆ, ಸದ್ದು, ಹಬೆ ನೋಡಿ ಹೇಳುವುದೂ ವೀಕ್ಷಣೆಯೇ ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ. ಅವರಿಗೆ ಕುರ್ಚಿ ಹಾಕಬೇಕು, ಮುಂಚಿತವಾಗಿ ಸಮಯ ಕೇಳಿರಬೇಕು.

ಮೌಲ್ಯಮಾಪನ ಮತ್ತು ವೀಕ್ಷಕರಿಗೆ

ವ್ಯಾಖ್ಯೆ ಬರೆಸುವ ಬದಲು ಮೂರು ಸಂದರ್ಭಗಳನ್ನು ಕೊಡಿ: ಒಬ್ಬರ ಅಂಬಲಿ ಗಂಟಾಗಿದೆ, ಏನು ಮಾಡಬೇಕಿತ್ತು? ಒಬ್ಬರ ಅಕ್ಕಿ ರೊಟ್ಟಿ ಬಿರಿಯುತ್ತಿದೆ, ಏನು ಕಾರಣವಿರಬಹುದು? ಒಂದು ರೊಟ್ಟಿ ಉಬ್ಬಿತು, ಇನ್ನೊಂದು ಉಬ್ಬಲಿಲ್ಲ, ಎಲ್ಲಿ ಹುಡುಕುತ್ತೀರಿ? ಕಾರಣ ಸಹಿತ ಉತ್ತರಿಸಿದ ಮಗು ಪಾಠವನ್ನು ತಲುಪಿದೆ.

ಪಾಠ ವೀಕ್ಷಿಸುವ ಉಪನ್ಯಾಸಕರು ಮೂರು ಅಂಶಗಳನ್ನು ಗುರುತು ಹಾಕಿಕೊಳ್ಳಬಹುದು. ಎರಡು ಜೋಳದ ಉಂಡೆಗಳಲ್ಲಿ ನೀರಿನ ಉಷ್ಣತೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ಇತ್ತೇ? ‘ಜಿಗಿ’, ‘ಎಸರು’ ಎಂಬ ಮಕ್ಕಳ ಮಾತನ್ನು ಪ್ರಶಿಕ್ಷಣಾರ್ಥಿ ತೆಗೆದುಹಾಕಿದರೇ, ಪಠ್ಯದ ಪದದ ಪಕ್ಕದಲ್ಲಿ ಬರೆದರೇ? ಸಾಮಾನ್ಯವಾಗಿ ಮಾತನಾಡದ ಮಕ್ಕಳಲ್ಲಿ ಎಷ್ಟು ಮಂದಿ ಈ ಅವಧಿಯಲ್ಲಿ ಬಾಯಿಬಿಟ್ಟರು? ಮೂರನೆಯ ಅಂಶಕ್ಕೆ ವೀಕ್ಷಣಾ ನಮೂನೆಯಲ್ಲಿ ಅಂಕಣವಿಲ್ಲದಿದ್ದರೆ ಕೆಳಗಿನ ಖಾಲಿ ಜಾಗದಲ್ಲಿ ಬರೆದು, ಪಾಠದ ನಂತರದ ಚರ್ಚೆಯನ್ನು ಅಲ್ಲಿಂದಲೇ ಆರಂಭಿಸಬಹುದು.