ಮನೆಯೊಳಗಿನ ಕುಂಡದಲ್ಲಿ ಕಾಗದದ ಹೂ

ಘಟಪ್ರಭಾ ನದಿಯ ಸುತ್ತಲಿನ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಕಂಪೌಂಡು ಗೋಡೆಯನ್ನೇರಿ ಬೇಸಿಗೆಯ ಉರಿಯಲ್ಲೂ ಮೈತುಂಬ ಹೂ ಹೊತ್ತು ನಿಲ್ಲುವ ಬೋಗನ್‌ವಿಲ್ಲಾ ಬಳ್ಳಿಯನ್ನು ನೀವು ನೋಡಿರಬಹುದು. ಕಾಗದದ ಹೂ ಎಂಬುದು ಅದರ ರೂಢಿಯ ಹೆಸರು. ಯಾರೂ ನೀರುಣಿಸದಿದ್ದರೂ ಅದು ಹೂ ಬಿಡುತ್ತದೆ. ಅದೇ ಬಳ್ಳಿಯ ತುಂಡನ್ನು ಕುಂಡದಲ್ಲಿ ನೆಟ್ಟು, ಪಡಸಾಲೆಯಲ್ಲಿಟ್ಟು, ದಿನಾಲೂ ನೀರು ಹಾಕಿದರೆ ಬರುವುದು ಬರೀ ಎಲೆ ಮತ್ತು ಮುಳ್ಳು. ಹೀಗೇಕೆ?

ಹೂವಲ್ಲದ ಹೂವು

ನಾವು ಹೂವೆಂದು ಕರೆಯುವ ಬಣ್ಣದ ಭಾಗ ನಿಜವಾಗಿ ಮಾರ್ಪಟ್ಟ ಎಲೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಪುಷ್ಪಪತ್ರ ಎನ್ನುತ್ತಾರೆ. ಇಂಥ ಮೂರು ಪತ್ರಗಳ ನಡುವೆ ಕೊಳವೆಯಾಕಾರದ ಮೂರು ಸಣ್ಣ ಹೂಗಳಿರುತ್ತವೆ. ಅವೇ ನಿಜವಾದ ಹೂಗಳು. ಈ ಸಸ್ಯವು ನಮ್ಮ ಹಿತ್ತಲಿನ ಸಂಜೆಮಲ್ಲಿಗೆಯ ಕುಟುಂಬಕ್ಕೆ ಸೇರಿದೆ. ಇದರ ತವರು ದಕ್ಷಿಣ ಅಮೆರಿಕ. 1767ರಲ್ಲಿ ಬ್ರೆಜಿಲ್‌ನಲ್ಲಿ ಇದನ್ನು ಗುರುತಿಸಿದ ಫ್ರೆಂಚ್ ಸಸ್ಯಶಾಸ್ತ್ರಜ್ಞ ಕಾಮರ್ಸನ್, ತನ್ನ ಹಡಗಿನ ಯಾತ್ರೆಯ ನಾಯಕ ಬೂಗನ್‌ವಿಲ್‌ನ ಹೆಸರನ್ನೇ ಇದಕ್ಕಿಟ್ಟನು.

ಎಲೆಯ ಕಂಕುಳಲ್ಲಿ ಹುಟ್ಟುವ ಮೊಗ್ಗು ಹೂಗೊಂಚಲಾಗಬಹುದು, ಇಲ್ಲವೇ ಮುಳ್ಳಾಗಬಹುದು. ಪ್ರಖರ ಬೆಳಕಿದ್ದು ಹಗಲು ಚಿಕ್ಕದಾಗಿದ್ದರೆ ಹೂವಿನತ್ತ ಒಲವು ಹೆಚ್ಚು. ಬೆಳಕು ಸಾಲದಿದ್ದರೆ ಮುಳ್ಳಿನತ್ತ. ಆದ್ದರಿಂದ ಮನೆಯೊಳಗಿನ ಗಿಡದಲ್ಲಿ ಮುಳ್ಳು ಹೆಚ್ಚಿದರೆ ಅದು ಗಿಡದ ದೋಷವಲ್ಲ, ನಾವು ಇಟ್ಟ ಜಾಗದ ದೋಷ.

ಬೆಳಕು

ನಡುಹಗಲ ಬಿಸಿಲಿನ ಪ್ರಖರತೆ ಸುಮಾರು 1 ಲಕ್ಷ ಲಕ್ಸ್. ಕೋಣೆಯ ಒಳಭಾಗದಲ್ಲಿ ಅದು ಕೆಲವು ನೂರಕ್ಕೆ ಇಳಿಯುತ್ತದೆ. ನಮ್ಮ ಕಣ್ಣಿನ ಪಾಪೆ ಹಿಗ್ಗಿ ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸ ನಮಗೆ ತಿಳಿಯುವುದಿಲ್ಲ, ಗಿಡಕ್ಕೆ ತಿಳಿಯುತ್ತದೆ. ಅದಕ್ಕೆ ದಿನಕ್ಕೆ 5-6 ಗಂಟೆ ನೇರ ಬಿಸಿಲು ಬೇಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ದಕ್ಷಿಣದ ಕಿಟಕಿ ಒಳ್ಳೆಯದು. ಹಗಲು ಸುಮಾರು 11 ಗಂಟೆಗೆ ಇಳಿಯುವ ಕಾಲವೂ ಅದೇ. ಅಂಥ ಕಿಟಕಿಯಿಲ್ಲದಿದ್ದರೆ ಕುಂಡವನ್ನು ಮಾಳಿಗೆಯ ಮೇಲೆ ಬೆಳೆಸಿ, ಬಣ್ಣ ತುಂಬಿದಾಗ ಒಂದು ವಾರ ಒಳಗಿಟ್ಟು, ಮತ್ತೆ ಬಿಸಿಲಿಗೆ ಕಳಿಸಿರಿ. ಎರಡು ಕುಂಡಗಳಿದ್ದರೆ ಸರದಿಯಂತೆ ಇಡಬಹುದು. ಜಾಗ ಬದಲಿಸಿದಾಗ ಕೆಲವು ಎಲೆ ಉದುರಿದರೆ ಗಾಬರಿ ಬೇಡ.

ಮಣ್ಣು

ಈ ಭಾಗದ ಎರೆಮಣ್ಣು ಹೊಲಕ್ಕೆ ಒಳ್ಳೆಯದು, ಕುಂಡಕ್ಕಲ್ಲ. ಹಸಿಯಾದಾಗ ಅದು ಉಬ್ಬಿ ಅಂಟಾಗಿ ಬೇರಿಗೆ ಗಾಳಿ ಸಿಗದಂತೆ ಮಾಡುತ್ತದೆ. ಒಣಗಿದಾಗ ಬಿರುಕು ಬಿಟ್ಟು, ಹಾಕಿದ ನೀರು ಕುಂಡದ ಅಂಚಿನಿಂದ ಸೋರಿಹೋಗುತ್ತದೆ. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಬೆರೆಸಿದರೆ ಸಾಕು. ತಳದಲ್ಲಿ ತೂತಿರುವ, 10-12 ಇಂಚಿನ ಮಣ್ಣಿನ ಕುಂಡ ಉತ್ತಮ. ಇದರ ಬೇರುಗಳು ಬಲು ಸೂಕ್ಷ್ಮ. ಕುಂಡ ಬದಲಿಸುವಾಗ ಬೇರಿನ ಮಣ್ಣುಂಡೆ ಒಡೆಯಬಾರದು.

ನೀರು

ಧೂಪದಾಳದ ಒಡ್ಡಿನಿಂದ ಬರುವ ಕಾಲುವೆ ನೀರನ್ನು ಕಬ್ಬು ಬೇಡುತ್ತದೆ. ಕಾಗದದ ಹೂ ಬೇಡುವುದಿಲ್ಲ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿರಿ. ಒಣಗಿದ್ದರೆ ಮಾತ್ರ ತಳದ ತೂತಿನಿಂದ ಹೊರಬರುವಷ್ಟು ನೀರು ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿರಿ. ಮೇ ತಿಂಗಳಲ್ಲಿ ಮಾಳಿಗೆಯ ಮೇಲಿನ ಕುಂಡಕ್ಕೆ ದಿನಾಲೂ ಬೇಕಾದೀತು, ಮಳೆಗಾಲದಲ್ಲಿ ಒಳಗಿನ ಕುಂಡಕ್ಕೆ ವಾರಕ್ಕೊಮ್ಮೆ ಸಾಕಾದೀತು. ನಿರ್ಧರಿಸುವುದು ಬೆರಳು, ಕ್ಯಾಲೆಂಡರ್ ಅಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನೀರು ಹೆಚ್ಚಾಗಿ ಬೇರು ಕೊಳೆತಾಗಲೂ ಎಲೆ ಹಳದಿಯಾಗಿ ಜೋಲುತ್ತದೆ. ಬಾಯಾರಿಕೆಯೆಂದು ತಿಳಿದು ಮತ್ತೆ ನೀರು ಹಾಕಿದರೆ ಗಿಡ ಸಾಯುತ್ತದೆ. ಆರೋಗ್ಯವಂತ ಗಿಡಕ್ಕಾದರೆ ಹೂ ಬಿಡುವ ಮುಂಚೆ ಎಲೆ ತುಸು ಬಾಡುವವರೆಗೆ ನೀರು ತಡೆಯುವುದು ಒಳ್ಳೆಯದೇ. ಬೆಳವಣಿಗೆ ತಗ್ಗಿ, ಗಿಡ ಹೂವಿಗೆ ತಿರುಗುತ್ತದೆ.

ಗೊಬ್ಬರ ಮತ್ತು ಸವರುವಿಕೆ

ಯೂರಿಯಾದಂಥ ಸಾರಜನಕದ ಗೊಬ್ಬರ ಹೆಚ್ಚಾದರೆ ಎಲೆಯೇ ಹೆಚ್ಚುತ್ತದೆ. ಹೂ ಬರುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಒಂದು ಸುತ್ತು ಹೂ ಮುಗಿದ ಕೂಡಲೇ ಉದ್ದ ಕೊಂಬೆಗಳನ್ನು ಸವರಿರಿ.

ನೀವೇ ಮಾಡಿ ನೋಡಿ

ಒಂದೇ ಬಳ್ಳಿಯ ಎರಡು ತುಂಡುಗಳನ್ನು ಒಂದೇ ಬಗೆಯ ಕುಂಡಗಳಲ್ಲಿ ಬೆಳೆಸಿರಿ. ಗಿಡ ಬಲಿತ ಮೇಲೆ ಒಂದನ್ನು ಬಿಸಿಲು ಬೀಳುವ ಕಿಟಕಿಯಲ್ಲಿ, ಇನ್ನೊಂದನ್ನು ಕೋಣೆಯ ಮೂಲೆಯಲ್ಲಿಡಿ. ನೀರಿನ ನಿಯಮ ಎರಡಕ್ಕೂ ಒಂದೇ ಇರಲಿ. ನವೆಂಬರ್‌ನಿಂದ ಫೆಬ್ರವರಿಯವರೆಗೆ ವಾರಕ್ಕೊಮ್ಮೆ ಹೊಸ ಚಿಗುರಿನ ಮುಳ್ಳುಗಳನ್ನೂ ಹೂಗೊಂಚಲುಗಳನ್ನೂ ಎಣಿಸಿ ಬರೆದಿಡಿ. ಒಂದೇ ಮೊಗ್ಗು ಯಾವಾಗ ಮುಳ್ಳಾಗುತ್ತದೆ, ಯಾವಾಗ ಹೂವಾಗುತ್ತದೆ ಎಂಬುದನ್ನು ನಿಮ್ಮ ವಹಿಯೇ ಹೇಳುತ್ತದೆ.