ಪ್ರವಾದಿಗಳಿಗೂ ಮರಣವುಂಟೆ?

ಕ್ರಿ. ಶ. 632ರಲ್ಲಿ ಮದೀನಾದಲ್ಲಿ ಪ್ರವಾದಿ ಮುಹಮ್ಮದರು ಕಾಲವಾದರು. ಮುಂದೆ ಎರಡನೆಯ ಖಲೀಫರಾದ ಉಮರರು ಆ ಸುದ್ದಿಯನ್ನು ನಂಬಲೊಲ್ಲದೆ ಹೋದರು. ಪ್ರವಾದಿ ಮೂಸಾ ನಲವತ್ತು ರಾತ್ರಿ ಜನರಿಂದ ಮರೆಯಾಗಿದ್ದು ಹಿಂದಿರುಗಿದಂತೆ ಇವರೂ ಮರಳುವರೆಂಬುದು ಅವರ ವಾದ.

ಅಷ್ಟರಲ್ಲಿ ಪ್ರವಾದಿಯ ಆಪ್ತರಾದ ಅಬೂಬಕರರು ಬಂದರು. ಮೃತರ ಮುಖವನ್ನು ಚುಂಬಿಸಿ, ಹೊರಗೆ ನೆರೆದವರಿಗೆ ಕುರಾನಿನ 3ನೆಯ ಅಧ್ಯಾಯದ 144ನೆಯ ವಚನವನ್ನು ಓದಿದರು. ಮುಹಮ್ಮದರೂ ಹಿಂದಿನವರಂತೆ ಒಬ್ಬ ಸಂದೇಶವಾಹಕರು, ಅವರು ಗತಿಸಿದ ಮಾತ್ರಕ್ಕೆ ನಂಬಿಕೆಯನ್ನು ಬಿಡಲಾಗದು ಎಂಬುದು ಅದರ ತಾತ್ಪರ್ಯ. 625ರ ಉಹುದ್ ಕಾಳಗದಲ್ಲಿ ಪ್ರವಾದಿ ಹತರಾದರೆಂಬ ಗಾಳಿಸುದ್ದಿ ಹಬ್ಬಿದ ಸಂದರ್ಭದ ವಚನವದು ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಹಿಂದೆ ಬಂದಿದ್ದ ವಚನವೇ. ಆದರೂ ಅಂದೇ ಮೊದಲು ಕೇಳಿದಂತಾಗಿ ಉಮರರ ಕಾಲು ಕುಸಿಯಿತಂತೆ.

ನಾವೆ ಕಟ್ಟಿದ ನೂಹರು ತಮ್ಮ ಜನರ ನಡುವೆ 950 ವರ್ಷ ಇದ್ದರೆಂದು 29ನೆಯ ಅಧ್ಯಾಯ ಹೇಳುತ್ತದೆ. ಅದು ಪೂರ್ಣಾಯುಸ್ಸೋ, ಬೋಧನೆಯ ಅವಧಿಯೋ ಎಂಬ ವಿಷಯದಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವುಂಟು. ಮುಹಮ್ಮದರದು ಚಾಂದ್ರಮಾನದ 63 ವರ್ಷವೆಂಬುದು ರೂಢಿಯ ಎಣಿಕೆ. ಅಂತರವೇನೋ ದೊಡ್ಡದು. ಆದರೆ ಮುಹಮ್ಮದರಿಗಿಂತ ಮೊದಲು ಯಾವ ಮಾನವನಿಗೂ ಅಮರತ್ವ ದೊರೆತಿಲ್ಲವೆಂದು 21ನೆಯ ಅಧ್ಯಾಯ ಸ್ಪಷ್ಟಪಡಿಸುತ್ತದೆ. ಅಬೂಬಕರರು ಅಂದು ಶೋಕಾರ್ತರಿಗೆ ನೆನಪಿಸಿದ್ದೂ ಇದನ್ನೇ.